‘ಪೇಗನ್’: ಹಳೆಯ ಹೆಸರು, ಹೊಸ ಧರ್ಮ

ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಮಕ್ಕಳು ಇಂದು ದಾದಿಯರಾಗಿ, ತಂತ್ರಜ್ಞರಾಗಿ, ವಿದ್ಯಾರ್ಥಿಗಳಾಗಿ ಇಂಗ್ಲೆಂಡ್, ಐರ್ಲೆಂಡ್, ಜರ್ಮನಿಗಳಲ್ಲಿ ನೆಲೆಸಿದ್ದಾರೆ. ಅವರಲ್ಲೊಬ್ಬರು ದೂರವಾಣಿಯಲ್ಲಿ ಮಾತನಾಡುತ್ತ, “ನನ್ನ ಜೊತೆಯಲ್ಲಿ ಕೆಲಸ ಮಾಡುವವಳು ಪೇಗನ್ ಧರ್ಮದವಳಂತೆ” ಎಂದು ಹೇಳಿದರೆ ನಿಮ್ಮ ಮನಸ್ಸಿನಲ್ಲಿ ಯಾವ ಚಿತ್ರ ಮೂಡುತ್ತದೆ? ಹಿರಿಯರಿಗೆ ಅದು ಹಳೆಯ ಧರ್ಮೋಪದೇಶಗಳಲ್ಲಿ ಕೇಳಿದ ಶಬ್ದ. ಸಿಂಹಗಳ ಬಾಯಿಗೆ ಕ್ರೈಸ್ತರನ್ನು ಎಸೆದ ರೋಮನರು, ವಿಗ್ರಹಗಳ ಮುಂದೆ ಧೂಪ ಹಾಕಲೊಪ್ಪದೆ ಮಡಿದ ರಕ್ತಸಾಕ್ಷಿಗಳು ನೆನಪಿಗೆ ಬರುತ್ತಾರೆ. ಸಾವಿರ ವರ್ಷಗಳ ಹಿಂದೆಯೇ ಮುಗಿದುಹೋಯಿತೆಂದು ನಾವು ನಂಬಿದ ಆ ಧರ್ಮ ಈಗ ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ನಮ್ಮ ಮಗಳ ಪಕ್ಕದಲ್ಲಿ ಕುಳಿತು ಚಹಾ ಕುಡಿಯುತ್ತಿದೆ ಎಂದರೆ ಅಚ್ಚರಿಯಾಗುವುದು ಸಹಜ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಮಂದಿ ತಮ್ಮ ಧರ್ಮ ಪೇಗನ್ ಎಂದೂ, ಇನ್ನೂ ಸುಮಾರು 13,000 ಮಂದಿ ಅದರ ಒಂದು ಶಾಖೆಯಾದ ವಿಕ್ಕಾ ಎಂದೂ ಬರೆಸಿದ್ದಾರೆ. ಸಂಖ್ಯೆ ದೊಡ್ಡದಲ್ಲ, ಆದರೆ ಇವರು ಯಾರೆಂದು ಅರಿಯದೆ ಬೆದರುವುದಕ್ಕಿಂತ ಅರಿಯುವುದು ಲೇಸು.

ಮೊದಲು ಆ ಶಬ್ದವನ್ನೇ ನೋಡೋಣ. ಲತೀನಿನಲ್ಲಿ ‘ಪಾಗುಸ್’ ಎಂದರೆ ನಾಡು, ಹಳ್ಳಿಗಾಡು. ‘ಪಾಗಾನುಸ್’ ಎಂದರೆ ಹಳ್ಳಿಗ. ನಾಲ್ಕನೆಯ ಶತಮಾನದ ಕ್ರೈಸ್ತರು ಈ ಮಾತನ್ನು ಹಳೆಯ ದೇವತೆಗಳನ್ನು ಪೂಜಿಸುತ್ತಿದ್ದವರಿಗೆ ಅಂಟಿಸಿದರು. ಪಟ್ಟಣದ ಜನ ಕ್ರೈಸ್ತರಾದ ಮೇಲೂ ಹಳ್ಳಿಯವರು ಹಳೆಯದನ್ನೇ ಹಿಡಿದಿದ್ದರೆಂಬುದು ಒಂದು ವಿವರಣೆ. ಸೈನಿಕರ ಆಡುಮಾತಿನಲ್ಲಿ ‘ಪಾಗಾನುಸ್’ ಎಂದರೆ ಸೈನ್ಯಕ್ಕೆ ಸೇರದವ, ಆದ್ದರಿಂದ ಕ್ರಿಸ್ತನ ಸೈನ್ಯಕ್ಕೆ ಸೇರದವ ಎಂಬುದು ಇನ್ನೊಂದು. ಯಾವುದೇ ಇರಲಿ, ಜ್ಯೂಪಿಟರನನ್ನೋ ಐಸಿಸ್ ದೇವಿಯನ್ನೋ ಪೂಜಿಸುತ್ತಿದ್ದ ಮನುಷ್ಯ ತನ್ನನ್ನು ತಾನು ಎಂದೂ ಪೇಗನ್ ಎಂದು ಕರೆದುಕೊಂಡಿರಲಿಲ್ಲ. ಅದು ಹೊರಗಿನವರು ಕೊಟ್ಟ ಹೆಸರು. ನೀವು ‘ಪ್ರೇಷಿತರ ಕಾರ್ಯಕಲಾಪಗಳು’ ಗ್ರಂಥವನ್ನು ಓದಿದ್ದರೆ ನಮ್ಮ ಹೆಸರಿನ ಕಥೆಯೂ ಅದೇ ಎಂಬುದು ಹೊಳೆಯುತ್ತದೆ. ‘ಕ್ರೈಸ್ತರು’ ಎಂದು ನಮ್ಮನ್ನು ಮೊದಲು ಕರೆದದ್ದು ಅಂತಿಯೋಕ್ಯ ಪಟ್ಟಣದ ಜನ. ಹೊರಗಿನವರು ಕೊಟ್ಟ ಹೆಸರನ್ನೇ ಹೆಮ್ಮೆಯಿಂದ ತೊಟ್ಟುಕೊಂಡವರು ನಾವೂ ಹೌದು, ಇಂದಿನ ಪೇಗನರೂ ಹೌದು.

ಹಳೆಯ ಧರ್ಮ ಹೇಗೆ ಮುಗಿಯಿತೆಂಬುದು ಒಂದೇ ಬಣ್ಣದ ಕಥೆಯಲ್ಲ. ನಾವು ಮಕ್ಕಳಿಗೆ ಹೇಳುವುದು ಸಾಮಾನ್ಯವಾಗಿ ಅದರ ಅರ್ಧ ಭಾಗ. ಚಕ್ರವರ್ತಿ ತಿಯೊಡೋಸಿಯುಸ್ 391 ಮತ್ತು 392ರಲ್ಲಿ ಹೊರಡಿಸಿದ ಶಾಸನಗಳಿಂದ ಬಲಿಯರ್ಪಣೆ ನಿಷಿದ್ಧವಾಯಿತು, ದೇವಾಲಯಗಳ ಬಾಗಿಲು ಮುಚ್ಚಿತು. 415ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಗಣಿತಜ್ಞೆಯೂ ತತ್ತ್ವಜ್ಞಾನಿಯೂ ಆಗಿದ್ದ ಹಿಪೇಷಿಯಾ ಎಂಬಾಕೆಯನ್ನು ಕ್ರೈಸ್ತರ ಗುಂಪೊಂದು ಕೊಂದುಹಾಕಿತು. ಎಂಟನೆಯ ಶತಮಾನದ ಕೊನೆಗೆ ಷಾರ್ಲಮೇನ್ ದೊರೆ ಸ್ಯಾಕ್ಸನ್ ಜನರಿಗೆ ಸ್ನಾನದೀಕ್ಷೆ ಅಥವಾ ಮರಣ ಎಂಬ ಕಟ್ಟಳೆ ವಿಧಿಸಿದನು. ವಿಶ್ವಾಸವು ಮನಸ್ಸು ಒಪ್ಪಿ ಬರಬೇಕಾದುದು, ಬಲವಂತದಿಂದ ಹುಟ್ಟದು ಎಂದು ಅವನದೇ ಆಸ್ಥಾನದ ವಿದ್ವಾಂಸ ಅಲ್ಕುಯಿನ್ ಆಗಲೇ ಆಕ್ಷೇಪಿಸಿದ್ದನು. ಇನ್ನೊಂದು ಬಗೆಯೂ ಇತ್ತು. 601ರಲ್ಲಿ ಜಗದ್ಗುರು ಮಹಾ ಗ್ರೆಗೊರಿಯವರು ಇಂಗ್ಲೆಂಡಿನ ಧರ್ಮಪ್ರಚಾರಕರಿಗೆ ಪತ್ರ ಬರೆದು, ಅಲ್ಲಿನ ದೇಗುಲಗಳನ್ನು ಕೆಡವಬೇಡಿ, ವಿಗ್ರಹಗಳನ್ನು ಮಾತ್ರ ತೆಗೆದು, ತೀರ್ಥ ಪ್ರೋಕ್ಷಿಸಿ, ಅಲ್ಲಿಯೇ ಬಲಿಪೀಠವನ್ನು ಸ್ಥಾಪಿಸಿ ಎಂದು ಸೂಚಿಸಿದರು. ಜನರು ಹಬ್ಬದ ಊಟವನ್ನು ಬಿಡಬೇಕಾಗಿಲ್ಲ, ಅದನ್ನು ದೇವರ ಹೆಸರಿನಲ್ಲಿ ಮಾಡಲಿ ಎಂಬುದು ಅವರ ವಿವೇಕ. ನಮ್ಮ ಕರಾವಳಿಯಲ್ಲಿ ಸೆಪ್ಟೆಂಬರ್ 8ರಂದು ಕನ್ಯಾಮರಿಯಮ್ಮನವರ ಜನ್ಮದಿನಕ್ಕೆ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು ಹೊಸ ಅಕ್ಕಿಯ ಊಟ ಮಾಡುವಾಗ ಆ ವಿವೇಕದ ರುಚಿಯನ್ನು ನಾವೂ ಕಂಡಿದ್ದೇವೆ.

ಐಸ್ಲೆಂಡಿನ ಕಥೆ ಇವೆರಡಕ್ಕಿಂತ ವಿಚಿತ್ರವಾದುದು. ಸುಮಾರು 1000ನೆಯ ವರ್ಷದಲ್ಲಿ ಆ ದ್ವೀಪದ ಜನಸಭೆ ಎರಡು ಧರ್ಮಗಳ ನಡುವೆ ಒಡೆದು ಕಾದಾಟಕ್ಕೆ ಸಿದ್ಧವಾಗಿತ್ತು. ತೀರ್ಪನ್ನು ಥೋರ್ಗೇರ್ ಎಂಬ ನ್ಯಾಯವಾಚಕನಿಗೆ ಬಿಟ್ಟರು. ಅವನು ಹಳೆಯ ಧರ್ಮದವನೇ. ಒಂದು ಹಗಲು ಒಂದು ರಾತ್ರಿ ಕಂಬಳಿ ಹೊದ್ದು ಮಲಗಿ ಯೋಚಿಸಿದವನು ಎದ್ದು, ನಾಡಿಗೆ ಒಂದೇ ಧರ್ಮವಿರಲಿ, ಎಲ್ಲರೂ ಸ್ನಾನದೀಕ್ಷೆ ಪಡೆಯಲಿ, ಆದರೆ ಮನೆಯೊಳಗೆ ಗುಟ್ಟಾಗಿ ಹಳೆಯ ಬಲಿ ಕೊಡುವವರನ್ನು ಶಿಕ್ಷಿಸುವುದು ಬೇಡ ಎಂದು ಸಾರಿದನು. ಆ ರಿಯಾಯಿತಿ ಕೆಲವೇ ವರ್ಷ ಉಳಿಯಿತಾದರೂ ರಕ್ತಪಾತ ತಪ್ಪಿತು. ಅದೇ ನಾಡಿನಲ್ಲಿ 1972ರಲ್ಲಿ ಸ್ವೇಯ್ನ್‌ಬ್ಯೋರ್ನ್ ಬೇಯ್ನ್‌ಟೇಯ್ನ್‌ಸನ್ ಎಂಬ ರೈತಕವಿ ಕೆಲವು ಸ್ನೇಹಿತರನ್ನು ಕೂಡಿಕೊಂಡು ಪ್ರಾಚೀನ ದೇವತೆಗಳ ಆರಾಧನೆಗಾಗಿ ಸಂಘವೊಂದನ್ನು ಕಟ್ಟಿದರು. 1973ರಲ್ಲಿ ಸರ್ಕಾರ ಅದಕ್ಕೆ ಮಾನ್ಯತೆ ನೀಡಿತು.

ಇನ್ನು, ಇಂದಿನ ಪೇಗನ್ ಧರ್ಮದ ದೊಡ್ಡ ಶಾಖೆಯಾದ ವಿಕ್ಕಾದ ಕಡೆಗೆ ತಿರುಗೋಣ. ಇದು ಸಾವಿರಾರು ವರ್ಷಗಳಿಂದ ಗುಪ್ತವಾಗಿ ಉಳಿದುಬಂದ ಧರ್ಮವೆಂದು ನೀವು ಎಲ್ಲಾದರೂ ಓದಿರಬಹುದು. ಚರಿತ್ರೆ ಹಾಗೆ ಹೇಳುವುದಿಲ್ಲ. ಕಲ್ಕತ್ತೆಯಲ್ಲಿ 1863ರಲ್ಲಿ ಹುಟ್ಟಿದ ಮಾರ್ಗರೆಟ್ ಮರ್ರೆ ಎಂಬ ವಿದುಷಿ ಈಜಿಪ್ಟಿನ ಪ್ರಾಚೀನ ಇತಿಹಾಸದಲ್ಲಿ ಪರಿಣತರು. 1921ರಲ್ಲಿ ಆಕೆ ಒಂದು ಗ್ರಂಥ ಬರೆದು, ಯೂರೋಪಿನಲ್ಲಿ ಮಾಟಗಾತಿಯರೆಂದು ಸುಡಲ್ಪಟ್ಟವರು ವಾಸ್ತವದಲ್ಲಿ ಕ್ರೈಸ್ತಪೂರ್ವ ಧರ್ಮವೊಂದರ ಅನುಯಾಯಿಗಳಾಗಿದ್ದರು ಎಂದು ವಾದಿಸಿದರು. ಚಿತ್ರಹಿಂಸೆಯಡಿ ಬಾಯಿ ಬಿಡಿಸಿದ ಹೇಳಿಕೆಗಳನ್ನು ಆಕೆ ನಂಬಿದ್ದರು. ತಮ್ಮ ವಾದಕ್ಕೆ ಒಗ್ಗದ್ದನ್ನು ಕೈಬಿಟ್ಟಿದ್ದರು. ಮುಂದಿನ ಇತಿಹಾಸಕಾರರು ಈ ವಾದವನ್ನು ಬುಡಸಮೇತ ತಳ್ಳಿಹಾಕಿದರೂ ಅಷ್ಟರಲ್ಲಿ ಅದು ಜನರ ಕಲ್ಪನೆಯಲ್ಲಿ ಬೇರೂರಿತ್ತು.

ಆ ಕಲ್ಪನೆಗೆ ದೇಹ ಕೊಟ್ಟವರು ಜೆರಾಲ್ಡ್ ಗಾರ್ಡ್ನರ್ (1884–1964). ಹದಿಹರೆಯದಲ್ಲೇ ಸಿಲೋನಿನ ಚಹಾತೋಟಕ್ಕೆ ಕೆಲಸಕ್ಕೆ ಹೋದವರು, ಬೋರ್ನಿಯೊ, ಮಲಯಗಳಲ್ಲಿ ರಬ್ಬರ್ ತೋಟ ನೋಡಿಕೊಂಡವರು, ಸುಂಕದ ಅಧಿಕಾರಿಯಾಗಿದ್ದವರು. ಮಲಯದ ಕಠಾರಿಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ವಿಕ್ಕಾದ ವಿಧಿಗಳಲ್ಲಿ ಕಠಾರಿಗೆ ಅಷ್ಟು ಪ್ರಾಮುಖ್ಯವೇಕೆ ಎಂದು ಯೋಚಿಸುವಾಗ ನನಗೆ ಇದು ನೆನಪಾಗುತ್ತದೆ. 1936ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಅವರು, 1939ರಲ್ಲಿ ಹಳೆಯ ಮಾಟಗಾತಿಯರ ಕೂಟವೊಂದು ತಮಗೆ ದೀಕ್ಷೆ ನೀಡಿತೆಂದು ಹೇಳಿಕೊಂಡರು. 1735ರ ಮಾಟ ನಿಷೇಧ ಕಾನೂನು 1951ರಲ್ಲಿ ರದ್ದಾದ ಮೇಲೆ, 1954ರಲ್ಲಿ ತಮ್ಮ ಗ್ರಂಥವನ್ನು ಬಹಿರಂಗವಾಗಿ ಪ್ರಕಟಿಸಿದರು. ಮುನ್ನುಡಿ ಬರೆದವರು ಅದೇ ಮಾರ್ಗರೆಟ್ ಮರ್ರೆ. ರೊನಾಲ್ಡ್ ಹಟ್ಟನ್ ಎಂಬ ಇತಿಹಾಸಕಾರರು 1999ರಲ್ಲಿ ಈ ಇಡೀ ಬೆಳವಣಿಗೆಯನ್ನು ಎಳೆ ಎಳೆಯಾಗಿ ಬಿಡಿಸಿ, ವಿಕ್ಕಾ ಇಪ್ಪತ್ತನೆಯ ಶತಮಾನದ ಸೃಷ್ಟಿಯೆಂದು ತೋರಿಸಿದರು. ಬಹಳಷ್ಟು ಪೇಗನರು ಇದನ್ನು ಒಪ್ಪಿಕೊಂಡದ್ದು ಮೆಚ್ಚತಕ್ಕ ವಿಷಯ. ನಮ್ಮ ಧರ್ಮ ಹೊಸದಾದರೇನು, ಅದು ನಮಗೆ ಬದುಕು ಕೊಡುತ್ತದೆ ಎನ್ನುತ್ತಾರೆ.

ಅವರ ನಂಬಿಕೆಯೇನು? ಎಲ್ಲರಿಗೂ ಸಮಾನವಾದ ಧರ್ಮಗ್ರಂಥವಿಲ್ಲ, ಗುರುಪೀಠವಿಲ್ಲ, ವಿಶ್ವಾಸಪ್ರಮಾಣವಿಲ್ಲ. ವಿಕ್ಕಾದವರು ಒಬ್ಬ ದೇವಿಯನ್ನೂ ಒಬ್ಬ ದೇವನನ್ನೂ ಆರಾಧಿಸುತ್ತಾರೆ. ಐಸ್ಲೆಂಡಿನವರು ಓಡಿನ್, ಥೋರ್ ಮೊದಲಾದವರನ್ನು ಸ್ಮರಿಸುತ್ತಾರೆ. ಡ್ರೂಯಿಡರು ಮರ, ನದಿ, ಪೂರ್ವಜರಲ್ಲಿ ಪಾವಿತ್ರ್ಯ ಕಾಣುತ್ತಾರೆ. ನಿಸರ್ಗವೇ ಪವಿತ್ರ ಎಂಬುದು ಬಹುಮಟ್ಟಿಗೆ ಎಲ್ಲರ ಮಾತು. ಸೂರ್ಯನ ಗತಿಯನ್ನೂ ಬೇಸಾಯದ ಕಾಲವನ್ನೂ ಅನುಸರಿಸಿದ ಎಂಟು ಹಬ್ಬಗಳ ವರ್ಷಚಕ್ರವನ್ನು ಹಲವರು ಆಚರಿಸುತ್ತಾರೆ. ಈ ಎಂಟನ್ನೂ ಒಂದೇ ಚಕ್ರವಾಗಿ ಜೋಡಿಸಿದ್ದು 1950ರ ದಶಕದಲ್ಲಿ. ಸೈತಾನನ ಪೂಜೆ ಇವರಲ್ಲಿಲ್ಲ. ಸೈತಾನ ನಮ್ಮ ಪವಿತ್ರ ಗ್ರಂಥದಲ್ಲಿ ಬರುವವನು, ಅವನನ್ನು ಅವರು ನಂಬುವುದೇ ಇಲ್ಲ. ಈ ಒಂದು ಅಂಶ ತಿಳಿದಿದ್ದರೆ ಎಷ್ಟೋ ಮನೆಗಳಲ್ಲಿ ಅನಗತ್ಯ ಭೀತಿ ತಪ್ಪುತ್ತದೆ. ನಾರ್ಡಿಕ್ ದೇವತೆಗಳ ಚಿಹ್ನೆಗಳನ್ನು ಜನಾಂಗದ್ವೇಷಕ್ಕೆ ಬಳಸುವ ಕೆಲವು ಗುಂಪುಗಳು ಇರುವುದೂ ನಿಜ. ಐಸ್ಲೆಂಡಿನ ಸಂಘ ಅಂಥವರನ್ನು ಬಹಿರಂಗವಾಗಿ ದೂರವಿಟ್ಟಿದೆ.

ನಮ್ಮ ಹಬ್ಬಗಳೆಲ್ಲ ಅವರಿಂದ ಕದ್ದವು ಎಂಬ ಆಪಾದನೆಯನ್ನೂ ನಿಮ್ಮ ಮಕ್ಕಳು ಕೇಳಿಬಂದಾರು. ನವೆಂಬರ್ 1ರ ಸಕಲ ಸಂತರ ಹಬ್ಬ ಕೆಲ್ಟರ ಸಾವಿನ್ ಹಬ್ಬದಿಂದ ಬಂತೆನ್ನುತ್ತಾರೆ. ಆದರೆ ಸಾವಿನ್ ಹಬ್ಬದ ತವರಾದ ಐರ್ಲೆಂಡಿನಲ್ಲೇ ಹಿಂದೆ ಸಕಲ ಸಂತರ ಸ್ಮರಣೆ ಏಪ್ರಿಲ್ 20ರಂದು ನಡೆಯುತ್ತಿತ್ತೆಂದು ಅಲ್ಲಿನ ಪ್ರಾಚೀನ ಸಂತಪಟ್ಟಿಗಳು ತೋರಿಸುತ್ತವೆ. ‘ಈಸ್ಟರ್’ ಎಂಬ ಹೆಸರು ಒಬ್ಬ ದೇವತೆಯದೆಂದು ಎಂಟನೆಯ ಶತಮಾನದಲ್ಲಿ ಸಂತ ಬೀಡ್ ಬರೆದಿದ್ದಾರೆ, ಅದು ನಿಜ. ಆದರೆ ಅದು ಇಂಗ್ಲಿಷ್, ಜರ್ಮನ್ ಭಾಷೆಗಳ ಹೆಸರಿನ ಮಾತು. ಪಾಸ್ಕ ಎನ್ನುವ ಹೆಸರು, ಪುನರುತ್ಥಾನದ ಆ ಹಬ್ಬ ಯೆಹೂದ್ಯರ ಪಾಸ್ಕದಿಂದ ಬಂದವು.

ಆದರೆ ಒಂದು ವಿಷಯದಲ್ಲಿ ನಾವು ತಲೆಬಾಗಿಸಿಯೇ ಕೇಳಬೇಕು. ಮಾಟದ ಆಪಾದನೆ ಹೊರಿಸಿ ತೊಂಬತ್ತು ಲಕ್ಷ ಹೆಂಗಸರನ್ನು ಸುಟ್ಟರೆಂಬ ಮಾತು ಹದಿನೆಂಟನೆಯ ಶತಮಾನದ ತಪ್ಪು ಲೆಕ್ಕಾಚಾರದ ಫಲ. ಇಂದಿನ ಇತಿಹಾಸಕಾರರ ಅಂದಾಜು ಸುಮಾರು ನಲವತ್ತರಿಂದ ಅರವತ್ತು ಸಾವಿರ. ಅಂಕಿ ಕಡಿಮೆಯಾಯಿತೆಂದು ಸಮಾಧಾನಪಡುವಂತಿಲ್ಲ. ಸತ್ತವರು ಪೇಗನರೂ ಅಲ್ಲ, ನಮ್ಮಂತೆಯೇ ಸ್ನಾನದೀಕ್ಷೆ ಪಡೆದವರು. ಹೆಚ್ಚಿನವರು ಹೆಂಗಸರು. (ಐಸ್ಲೆಂಡಿನಲ್ಲಿ ಮಾತ್ರ ಬಹುಪಾಲು ಗಂಡಸರು!) ಕಥೋಲಿಕ, ಪ್ರಾಟೆಸ್ಟಂಟ್ ಎಂಬ ಭೇದವಿಲ್ಲದೆ ಎರಡೂ ಕಡೆಯ ನ್ಯಾಯಾಲಯಗಳು ಈ ಪಾಪದಲ್ಲಿ ಪಾಲುಗೊಂಡವು. ಆ ಕತ್ತಲಿನಲ್ಲಿ ಯೇಸುಸಭೆಯ ಗುರು ಫ್ರೀಡ್ರಿಕ್ ಸ್ಪೇ ಅವರನ್ನು ನಾವು ಮರೆಯಬಾರದು. ಆಪಾದಿತರ ಪಾಪನಿವೇದನೆ ಆಲಿಸಿದ ಅವರು 1631ರಲ್ಲಿ ಹೆಸರು ಹಾಕದೆ ಒಂದು ಲತೀನ್ ಗ್ರಂಥ ಪ್ರಕಟಿಸಿದರು. ಚಿತ್ರಹಿಂಸೆ ಮಾಡಿದರೆ ಯಾರು ಬೇಕಾದರೂ ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಂಡವರಿಂದ ಇನ್ನಷ್ಟು ಹೆಸರು ಹೇಳಿಸುತ್ತಾರೆ. ಹೀಗೆ ಮಾಟಗಾತಿಯರನ್ನು ಹುಟ್ಟಿಸುತ್ತಿರುವುದು ನ್ಯಾಯಾಲಯವೇ ಎಂಬುದು ಅವರ ವಾದ. 1635ರಲ್ಲಿ ಟ್ರಿಯರ್ ನಗರದಲ್ಲಿ ವ್ಯಾಧಿಗ್ರಸ್ತ ಸೈನಿಕರ ಶುಶ್ರೂಷೆ ಮಾಡುತ್ತ ತಾವೂ ರೋಗ ತಗುಲಿ ತೀರಿಕೊಂಡರು. 2000ನೆಯ ಇಸವಿಯ ಮಾರ್ಚ್ 12ರಂದು ಜಗದ್ಗುರು ಎರಡನೆಯ ಜಾನ್ ಪಾಲರು ಸತ್ಯದ ಹೆಸರಿನಲ್ಲಿ ನಡೆದ ಹಿಂಸೆಗಾಗಿ ದೇವರಲ್ಲಿ ಕ್ಷಮೆ ಬೇಡಿದಾಗ ಅದರಲ್ಲಿ ಈ ಗಾಯವೂ ಸೇರಿತ್ತೆಂದೇ ನಾನು ತಿಳಿಯುತ್ತೇನೆ.

ನಮ್ಮ ನೆರೆಮನೆಯ ಹಿಂದೂ ಬಾಂಧವರನ್ನು ‘ಪೇಗನ್’ ಎನ್ನುವ ರೂಢಿ ಹಳೆಯ ಪುಸ್ತಕಗಳಲ್ಲಿದೆ. ಶುಭ ಶುಕ್ರವಾರದ ಹಳೆಯ ಲತೀನ್ ಪ್ರಾರ್ಥನೆಯಲ್ಲೂ ಆ ಶಬ್ದವಿತ್ತು. 1970ರ ಪೂಜಾಗ್ರಂಥದಲ್ಲಿ ಅದು ಹೋಯಿತು. 1965ರಲ್ಲೇ ಎರಡನೆಯ ವ್ಯಾಟಿಕನ್ ಮಹಾಸಭೆ ಹಿಂದೂ ಧರ್ಮವನ್ನು ಹೆಸರಿಸಿಯೇ ಗೌರವದಿಂದ ಮಾತನಾಡಿತ್ತು. ಯಾವ ಹೆಸರನ್ನು ಒಬ್ಬರು ತಾವೇ ಆರಿಸಿಕೊಂಡಿಲ್ಲವೋ ಅದನ್ನು ಅವರ ಮೇಲೆ ಹೊರಿಸದಿರುವುದು ಒಳ್ಳೆಯದು.

ಹಾಗೆಂದು ಭೇದವೇ ಇಲ್ಲವೆಂದು ನೀವು ಭಾವಿಸಬೇಕಾಗಿಲ್ಲ. ಅಸ್ಸಿಸಿಯ ಸಂತ ಫ್ರಾನ್ಸಿಸರು ಸೂರ್ಯನನ್ನು ಅಣ್ಣನೆಂದರು, ನೀರನ್ನು ತಂಗಿಯೆಂದರು, ಸೂರ್ಯನನ್ನು ದೇವರೆನ್ನಲಿಲ್ಲ. ಅಣ್ಣತಂಗಿಯರಿಗೆ ಒಬ್ಬ ತಂದೆಯಿರಬೇಕು. ಸೃಷ್ಟಿಯನ್ನು ಪ್ರೀತಿಸುವುದರಲ್ಲಿ ನಾವು ಅವರಿಗಿಂತ ಹಿಂದೆ ಬಿದ್ದಿದ್ದರೆ ಅದು ನಮ್ಮ ವಿಶ್ವಾಸದ ಕೊರತೆಯಲ್ಲ, ಅದನ್ನು ಬಾಳದ ನಮ್ಮ ಕೊರತೆ. ಭವಿಷ್ಯ ನುಡಿಸುವುದು, ಮಂತ್ರವಿದ್ಯೆಯಿಂದ ಶಕ್ತಿಗಳನ್ನು ವಶಪಡಿಸಿಕೊಳ್ಳುವುದು ನಮಗೆ ಸಲ್ಲದೆಂದು ಧರ್ಮಸಭೆ ಸ್ಪಷ್ಟವಾಗಿಯೇ ಹೇಳುತ್ತದೆ. ಗಾಜಿನ ಕಲ್ಲು, ಚೀಟಿಗಳ ಆಟ ಎಂದು ಮಕ್ಕಳು ಹಗುರವಾಗಿ ಆರಂಭಿಸಿದರೆ ಗದರಿಸುವ ಬದಲು ಕುಳಿತು ಈ ಕಾರಣವನ್ನು ವಿವರಿಸಿ.

ಕೊನೆಯದಾಗಿ ಲಿಥುವೇನಿಯದ ಸಂಗತಿ. ಯೂರೋಪಿನಲ್ಲಿ ಎಲ್ಲರಿಗಿಂತ ತಡವಾಗಿ, 1387ರಲ್ಲಿ, ಕ್ರೈಸ್ತವಾದ ರಾಜ್ಯ ಅದು. ಅಲ್ಲಿನ ಭಾಷೆಯಲ್ಲಿ ದೇವರಿಗೆ ‘ದಿಯೆವಸ್’, ಬೆಂಕಿಗೆ ‘ಉಗ್ನಿಸ್’. ದೇವ, ಅಗ್ನಿ ಎನ್ನುವ ನಮಗೆ ಕಿವಿ ನಿಮಿರುತ್ತದೆ. 1967ರಲ್ಲಿ ಯೋನಸ್ ತ್ರಿಂಕೂನಸ್ ಮತ್ತು ಸಂಗಡಿಗರು ಕೆರ್ನವೆ ಎಂಬ ಪುರಾತನ ರಾಜಧಾನಿಯ ಗುಡ್ಡಗಳ ಮೇಲೆ ಜೂನ್ ತಿಂಗಳ ದೀರ್ಘ ಹಗಲಿನ ಹಬ್ಬವನ್ನು ಆಚರಿಸಿದರು. ಈ ಚಳವಳಿಯಿಂದ ಬೆಳೆದದ್ದೇ ರೊಮುವ ಎಂಬ ಪಂಥ. ಸೋವಿಯತ್ ಆಡಳಿತ 1971ರಲ್ಲಿ ಇದನ್ನು ಹತ್ತಿಕ್ಕಿತು. ಅದೇ ಆಡಳಿತದಡಿ ನಲುಗುತ್ತಿದ್ದ ಕಥೋಲಿಕರು 1972ರಿಂದ ತಮ್ಮ ಮೇಲಿನ ಹಿಂಸೆಯ ವರದಿಗಳನ್ನು ಗುಪ್ತ ಪತ್ರಿಕೆಯೊಂದರಲ್ಲಿ ದಾಖಲಿಸತೊಡಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ರೊಮುವದವರು ಸರ್ಕಾರದ ಮಾನ್ಯತೆ ಕೇಳಿದರು. ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ಅದಕ್ಕೆ ವಿರುದ್ಧವಾಗಿ ಸಂಸತ್ತಿಗೆ ಪತ್ರ ಬರೆಯಿತು. 2019ರಲ್ಲಿ ಸಂಸತ್ತು ಮನವಿಯನ್ನು ತಿರಸ್ಕರಿಸಿತು. 2021ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ತಿರಸ್ಕಾರ ತಾರತಮ್ಯವೆಂದು ತೀರ್ಪಿತ್ತಿತು. 2024ರ ಕೊನೆಗೆ ಮಾನ್ಯತೆ ದೊರಕಿತು. ಬಹುಸಂಖ್ಯಾತರ ನಾಡಿನಲ್ಲಿ ಅಲ್ಪಸಂಖ್ಯಾತರಾಗಿ ಬಾಳುವುದೆಂದರೇನೆಂದು ಬಲ್ಲ, ಸಂವಿಧಾನದ 25ನೆಯ ವಿಧಿಯನ್ನು ನೆಚ್ಚಿಕೊಂಡ ನಮಗೆ ಈ ವ್ಯಾಜ್ಯದಲ್ಲಿ ಯಾರ ಅಳಲು ಹೆಚ್ಚು ಪರಿಚಿತವೆನಿಸುತ್ತದೆ ಎಂದು ನೀವೇ ಯೋಚಿಸಿ.

ಆ ಹಬ್ಬ ಇಂದಿಗೂ ನಡೆಯುತ್ತದೆ. ಜೂನ್ 23ರ ರಾತ್ರಿ ಲಿಥುವೇನಿಯದ ಕಥೋಲಿಕರು ಸ್ನಾನಿಕ ಯೋಹಾನರ ಹಬ್ಬದ ಮುನ್ನಾದಿನವೆಂದು ಬೆಂಕಿ ಹಚ್ಚಿ, ಹೂಮಾಲೆ ಕಟ್ಟಿ, ಹಾಡುತ್ತಾರೆ. ಅವೇ ದಿನಗಳಲ್ಲಿ ರೊಮುವದವರೂ ಬೆಂಕಿ ಹಚ್ಚಿ, ಹೂಮಾಲೆ ಕಟ್ಟಿ, ಹಾಡುತ್ತಾರೆ. ಎಷ್ಟೋ ಜಾನಪದ ಹಾಡುಗಳು ಇಬ್ಬರಿಗೂ ಒಂದೇ.