ಔಲ್ ಬೆಂಬಲ: ಓದುವುದು ಬೇರೆ, ತರ್ಕಿಸುವುದು ಬೇರೆ

‘ಔಲ್ 2 ಬೆಂಬಲವಿದೆ’ ಎಂದು ಯಾವುದೇ ಲೈಬ್ರರಿ ಹೇಳಿಕೊಂಡರೆ, ಯಾವ ಬೆಂಬಲ ಎಂದು ಕೇಳಬೇಕು. ಫೈಲನ್ನು ಓದಿ ಕೆಡಿಸದೆ ಮತ್ತೆ ಬರೆದಿಡುವುದು ಒಂದು. ಅದರಲ್ಲಿರುವ ಹೇಳಿಕೆಗಳನ್ನು ಪ್ರೋಗ್ರಾಮರ್ ಬಳಸಬಲ್ಲ ಆಬ್ಜೆಕ್ಟ್‌ಗಳಾಗಿ ಕೊಡುವುದು ಇನ್ನೊಂದು. ಅವುಗಳಿಂದ ಹೊಸ ತೀರ್ಮಾನ ತೆಗೆಯುವುದು ಮತ್ತೊಂದು. ಈ ಮೂರೂ ಒಂದೇ ಕಡೆ ಸಿಗುವುದು ಅಪರೂಪ.

ವಿಷಯವೊಂದರ ಪರಿಕಲ್ಪನೆಗಳನ್ನೂ ಸಂಬಂಧಗಳನ್ನೂ ಯಂತ್ರಕ್ಕೆ ತಿಳಿಯುವಂತೆ ಬರೆದಿಡುವ ವೆಬ್ ಆಂಟಾಲಜಿ ಭಾಷೆ, ಅಂದರೆ ಔಲ್, 2004ರ ಫೆಬ್ರವರಿಯಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿಯ ಶಿಫಾರಸಾಯಿತು. ಅಷ್ಟರಲ್ಲಾಗಲೇ ಎರಡು ಜಾವಾ ಲೈಬ್ರರಿಗಳು ಎರಡು ದಾರಿ ಹಿಡಿದಿದ್ದವು. ಬ್ರಿಸ್ಟಲ್‌ನ ಎಚ್‌ಪಿ ಲ್ಯಾಬ್ಸ್‌ನಲ್ಲಿ ಹುಟ್ಟಿದ ಜೆನಾಗೆ ಎಲ್ಲವೂ ಆರ್‌ಡಿಎಫ್ ಟ್ರಿಪಲ್, ಅಂದರೆ ಕರ್ತೃ, ಸಂಬಂಧ, ಕರ್ಮ ಎಂಬ ಮೂರು ಭಾಗಗಳ ಹೇಳಿಕೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಔಲ್ ಎಪಿಐಗೆ ಆಕ್ಸಿಯಮ್, ಅಂದರೆ ಇಡಿಯಾದ ತಾರ್ಕಿಕ ಹೇಳಿಕೆಯೇ ಮೂಲ ಘಟಕ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು 2009ರ ಅಕ್ಟೋಬರ್‌ನಲ್ಲಿ ಔಲ್ 2 ಬಂದಾಗ ಕಂಡಿತು. ಅದು ತಂದ ಪ್ರಾಪರ್ಟಿ ಚೈನ್ ಅನ್ನೇ ನೋಡಿ. ‘ತಾಯಿ’ ಎಂಬ ಸಂಬಂಧಕ್ಕೆ ‘ಸಹೋದರ’ ಎಂಬುದನ್ನು ಜೋಡಿಸಿದರೆ ‘ಸೋದರಮಾವ’ ಎಂದು ಘೋಷಿಸಬಹುದು. ಔಲ್ ಎಪಿಐನಲ್ಲಿ ಇದು ಒಂದೇ ಆಬ್ಜೆಕ್ಟ್. ಟ್ರಿಪಲ್‌ಗಳಲ್ಲಿ ಬರೆದರೆ ಐದು ಸಾಲು: ಪಟ್ಟಿಯತ್ತ ಬೊಟ್ಟು ಮಾಡುವ ಒಂದು, ಪಟ್ಟಿಯ ಒಳಗಿನ ನಾಲ್ಕು. ಹಳೆಯ ಜೆನಾ ಈ ಐದನ್ನೂ ಅಚ್ಚುಕಟ್ಟಾಗಿ ಇಟ್ಟುಕೊಳ್ಳುತ್ತಿತ್ತು, ಕೇಳಿದಾಗ ವಾಪಸ್ಸೂ ಕೊಡುತ್ತಿತ್ತು. ಆದರೆ ತೀರ್ಮಾನ ತೆಗೆಯುವ, ಅದರೊಳಗಿನ ನಿಯಮಾಧಾರಿತ ರೀಸನರ್ ರೂಪುಗೊಂಡದ್ದು ಔಲ್‌ನ ಮೊದಲ ಆವೃತ್ತಿಗೆ. ಹಾಗಾಗಿ ಸೋದರಮಾವ ಯಾರೆಂದು ಅದು ತಾನಾಗಿ ಹೇಳುತ್ತಿರಲಿಲ್ಲ. ದೋಷದ ಸೂಚನೆಯೂ ಬಾರದೆ ಉತ್ತರ ಮಾತ್ರ ಖಾಲಿ ಬಂದರೆ, ತಪ್ಪು ಎಲ್ಲಿದೆಯೆಂದು ಹುಡುಕುವುದೇ ಕಷ್ಟ.

ಔಲ್ 2ಕ್ಕೆ ತಕ್ಕ ಪ್ರತ್ಯೇಕ ಆಂಟಾಲಜಿ ಎಪಿಐ ಜೆನಾ ಬಳಗ ಸೇರಿದ್ದು 2024ರಲ್ಲಿ. ಮಾನದಂಡ ಬಂದು ಹದಿನೈದು ವರ್ಷ! ಇದನ್ನು ಸೋಮಾರಿತನವೆಂದು ನಾನು ಕರೆಯಲಾರೆ. ಜೆನಾ ಬಳಸುವ ಬಹುಪಾಲು ಜನರಿಗೆ ಬೇಕಿದ್ದದ್ದು ಟ್ರಿಪಲ್ ಸಂಗ್ರಹ ಮತ್ತು ಅದನ್ನು ಪ್ರಶ್ನಿಸುವ ಭಾಷೆ ಸ್ಪಾರ್ಕಲ್.

ತರ್ಕದ ಹೊಣೆ ಹೊತ್ತದ್ದು ಬೇರೆ ತಂತ್ರಾಂಶಗಳು. ಪೆಲೆಟ್, ಫ್ಯಾಕ್ಟ್++, ಆಕ್ಸ್‌ಫರ್ಡ್‌ನ ಹರ್ಮಿಟ್ ಮೂರೂ ಔಲ್ ಎಪಿಐ ಜೊತೆ ಹೊಂದಿಕೊಂಡು ದುಡಿದವು. ಔಲ್ 2 ತನ್ನೊಳಗೇ ಇಎಲ್, ಕ್ಯೂಎಲ್, ಆರ್‌ಎಲ್ ಎಂಬ ಮೂರು ಸರಳ ರೂಪಗಳನ್ನು ಕೊಟ್ಟಿದ್ದರಿಂದ ಎಲ್ಲವನ್ನೂ ಬೆಂಬಲಿಸುವ ಹಟ ಬಿಡುವುದೂ ಮರ್ಯಾದೆಯ ಮಾತಾಯಿತು. ಇಎಲ್ ರೂಪವನ್ನು ನೆಚ್ಚಿದ ರೀಸನರ್ ಎಲ್ಕ್, ಮೂರು ಲಕ್ಷಕ್ಕೂ ಹೆಚ್ಚು ಪರಿಕಲ್ಪನೆಗಳಿರುವ ವೈದ್ಯಕೀಯ ಪದಕೋಶ ಸ್ನೊಮೆಡ್ ಸಿಟಿಯನ್ನು ಕೆಲವೇ ಸೆಕೆಂಡುಗಳಲ್ಲಿ ವರ್ಗೀಕರಿಸುತ್ತದೆ. ತನ್ನ ಕೈಗೆಟುಕದ ಆಕ್ಸಿಯಮ್ ಸಿಕ್ಕರೆ ಎಚ್ಚರಿಕೆಯೊಂದನ್ನು ಲಾಗ್‌ನಲ್ಲಿ ಬರೆದು ಮುಂದೆ ಹೋಗುತ್ತದೆ. ಆ ಲಾಗ್ ಓದುವವರು ಕಡಿಮೆ.

ಪೈಥಾನ್ ಲೋಕದಲ್ಲಿ ಆರ್‌ಡಿಎಫ್‌ಲಿಬ್ ಟ್ರಿಪಲ್‌ಗಳಿಗೆ ನಿಂತಿತು. ಫ್ರಾನ್ಸ್‌ನ ಜಾನ್ ಬ್ಯಾಪ್ಟಿಸ್ಟ್ ಲಾಮಿ ಕಟ್ಟಿದ ಔಲ್‌ರೆಡಿ, ಆಂಟಾಲಜಿಯ ವರ್ಗಗಳನ್ನು ಪೈಥಾನ್‌ನ ಕ್ಲಾಸ್‌ಗಳಾಗಿಯೇ ಕೊಡುತ್ತದೆ. ಬಳಸಲು ಇದಕ್ಕಿಂತ ಹಿತವಾದದ್ದನ್ನು ನಾನು ಕಂಡಿಲ್ಲ. ಆದರೂ ಅದರ ಈಗಿನ ಆವೃತ್ತಿ ಔಲ್‌ರೆಡಿ2ರಲ್ಲಿ ರೀಸನರ್ ಓಡಿಸಿದಾಗ ಒಳಗೆ ಕೆಲಸ ಮಾಡುವುದು ಅದರ ಜೊತೆಗೇ ಬರುವ ಹರ್ಮಿಟ್ ಅಥವಾ ಪೆಲೆಟ್. ಹಾಗಾಗಿ ಔಲ್‌ರೆಡಿ2ರಲ್ಲಿ ಔಲ್ ತರ್ಕ ಬೇಕೆನ್ನುವವರು ಇಂದಿಗೂ ಮೊದಲು ಜಾವಾ ಇನ್‌ಸ್ಟಾಲ್ ಮಾಡಿಕೊಳ್ಳಬೇಕು.