ಹರೆಯದ ನಾಯಿಗಳ ಅಗಿಯುವ ಚಾಳಿ

ಹರೆಯದ ನಾಯಿಗಳ ಅಗಿಯುವ ಚಾಳಿ ಎಂದರೆ ಮರಿತನವನ್ನು ದಾಟಿದ, ಆದರೆ ಇನ್ನೂ ಪೂರ್ಣವಾಗಿ ಬಲಿಯದ ಸಾಕುನಾಯಿಯು ಪಾದರಕ್ಷೆ, ಬಟ್ಟೆ, ಹಾಸಿಗೆ, ಪೀಠೋಪಕರಣ, ಬಾಗಿಲಿನ ಚೌಕಟ್ಟು, ವಿದ್ಯುತ್ ತಂತಿ ಮೊದಲಾದ ವಸ್ತುಗಳನ್ನು ಕಚ್ಚಿ, ಅಗಿದು ಹಾಳುಮಾಡುವ ವರ್ತನೆ. ಸಾಮಾನ್ಯವಾಗಿ ೬ರಿಂದ ೧೮ ತಿಂಗಳ ವಯಸ್ಸಿನಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ನಿಧಾನವಾಗಿ ಬೆಳೆಯುವ ದೊಡ್ಡ ತಳಿಗಳಲ್ಲಿ ಎರಡು ವರ್ಷದವರೆಗೂ ಮುಂದುವರಿಯಬಹುದು. ಅಗಿಯುವುದು ನಾಯಿಯ ಹುಟ್ಟುಗುಣವಾದುದರಿಂದ ಅದನ್ನು ಸಂಪೂರ್ಣವಾಗಿ ನಿಲ್ಲಿಸುವುದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಅದನ್ನು ತಕ್ಕ ವಸ್ತುವಿನ ಕಡೆಗೆ ತಿರುಗಿಸುವುದೇ ತರಬೇತಿಯ ಗುರಿ.

ಹಲ್ಲು ಮತ್ತು ವಯಸ್ಸು

ನಾಯಿಮರಿಗೆ ೨೮ ಹಾಲುಹಲ್ಲುಗಳಿರುತ್ತವೆ. ಸುಮಾರು ನಾಲ್ಕನೆಯ ತಿಂಗಳಿನಿಂದ ಅವು ಉದುರತೊಡಗಿ, ಏಳನೆಯ ತಿಂಗಳ ಹೊತ್ತಿಗೆ ೪೨ ಶಾಶ್ವತ ಹಲ್ಲುಗಳು ಮೂಡುತ್ತವೆ. ಈ ಅವಧಿಯಲ್ಲಿ ಒಸಡಿನ ನೋವನ್ನು ಶಮನಗೊಳಿಸಿಕೊಳ್ಳಲು ಮರಿಯು ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಹಲ್ಲು ಬಂದ ಮೇಲೆ ಚಾಳಿ ತಾನಾಗಿ ನಿಲ್ಲುವುದೆಂಬ ನಂಬಿಕೆ ವ್ಯಾಪಕವಾಗಿದೆಯಾದರೂ ಅದು ಅರ್ಧಸತ್ಯ. ನೋವು ತೀರಿದರೂ ಕುತೂಹಲ ತೀರುವುದಿಲ್ಲ. ಮನುಷ್ಯನ ಮಗು ಕೈಯಿಂದ ಮುಟ್ಟಿ ತಿಳಿಯುವುದನ್ನು ನಾಯಿಯು ಬಾಯಿಯಿಂದ ತಿಳಿಯುತ್ತದೆ. ಮೇಲಾಗಿ ಈಗ ಅದರ ದವಡೆಗೆ ಬಲ ಬಂದಿರುತ್ತದೆ, ಮೇಜಿನ ಎತ್ತರ ಎಟುಕುತ್ತಿರುತ್ತದೆ. ಮರಿಯಾಗಿದ್ದಾಗ ಚಪ್ಪಲಿಯ ಮೇಲೆ ಗುರುತು ಮೂಡಿಸುತ್ತಿದ್ದ ನಾಯಿಯು ಹರೆಯದಲ್ಲಿ ಅದನ್ನು ಚೂರುಚೂರು ಮಾಡಬಲ್ಲದು.

ಇದೇ ಕಾಲದಲ್ಲಿ ನಾಯಿಯ ವಿಧೇಯತೆಯೂ ಕುಗ್ಗುತ್ತದೆ. ೨೦೨೦ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಎಂಟು ತಿಂಗಳ ನಾಯಿಗಳು ಐದು ತಿಂಗಳಲ್ಲಿ ಪಾಲಿಸುತ್ತಿದ್ದ ಆಜ್ಞೆಯನ್ನು ತಮ್ಮ ಪಾಲಕರು ನೀಡಿದಾಗ ಹೆಚ್ಚಾಗಿ ಕಡೆಗಣಿಸಿದವು. ಅದೇ ಆಜ್ಞೆಯನ್ನು ಅಪರಿಚಿತರು ನೀಡಿದಾಗ ಈ ಕುಸಿತ ಕಾಣಲಿಲ್ಲ. ಹರೆಯದ ಮಕ್ಕಳಿರುವ ಮನೆಯವರಿಗೆ ಇದು ಹೊಸ ಸಂಗತಿಯೆನಿಸಲಾರದು. ಹದಗೆಟ್ಟಿತೆಂದು ತೋರುವ ಈ ವರ್ತನೆಯು ತಾತ್ಕಾಲಿಕವೆಂಬುದು ಅಧ್ಯಯನದ ಮುಖ್ಯ ಸೂಚನೆ.

ಕಾರಣಗಳು

ವಯಸ್ಸಿನ ಜೊತೆಗೆ ಬೇಸರ, ವ್ಯಾಯಾಮದ ಕೊರತೆ ಮತ್ತು ಒಂಟಿತನಗಳು ಈ ಚಾಳಿಯನ್ನು ಬೆಳೆಸುತ್ತವೆ. ತಳಿಯ ಪಾತ್ರವೂ ಉಂಟು. ಬೇಟೆಯ ಹಕ್ಕಿಯನ್ನು ಬಾಯಲ್ಲಿ ಹೊತ್ತು ತರುವುದಕ್ಕೆಂದೇ ರೂಪುಗೊಂಡ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ತಳಿಗಳಿಗೆ ಬಾಯಲ್ಲಿ ಏನಾದರೂ ಇರಲೇಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯು ಬಯಲಿನಲ್ಲಿ ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಅಟ್ಟಿಸಿಕೊಂಡು ಓಡುವ ಜಾತಿ. ಅಂಥ ನಾಯಿಯನ್ನು ದಿನವಿಡೀ ಎರಡು ಕೋಣೆಗಳ ಮನೆಯಲ್ಲಿ ಕೂಡಿಹಾಕಿದರೆ ಅದರ ಕಸುವು ಸೋಫಾದ ಮೇಲೆ ಹರಿಯುವುದರಲ್ಲಿ ಆಶ್ಚರ್ಯವಿಲ್ಲ.

ಯಜಮಾನರು ಮನೆಯಲ್ಲಿ ಇಲ್ಲದಾಗ ಮಾತ್ರ, ಅದೂ ಮುಖ್ಯವಾಗಿ ಬಾಗಿಲು, ಕಿಟಕಿಗಳ ಬಳಿ, ಹಾನಿಯಾಗುತ್ತಿದ್ದರೆ ಅದು ಅಗಲಿಕೆಯ ಆತಂಕದ ಲಕ್ಷಣವಾಗಿರಬಹುದು. ಜೊಲ್ಲು ಸುರಿಸುವುದು, ಎಡೆಬಿಡದ ಊಳಿಡುವಿಕೆ, ಒಳಗೇ ಮಲಮೂತ್ರ ವಿಸರ್ಜನೆ ಇವು ಅದರ ಜೊತೆಗಿನ ಕುರುಹುಗಳು. ಇದರ ಚಿಕಿತ್ಸಾಕ್ರಮ ಬೇರೆಯಾದುದರಿಂದ ಪಶುವೈದ್ಯರನ್ನು ಕಾಣಬೇಕು. ಕಲ್ಲು, ಮಣ್ಣು, ಬಟ್ಟೆಗಳನ್ನು ಅಗಿಯುವುದಷ್ಟೇ ಅಲ್ಲದೆ ನುಂಗುತ್ತಿರುವ ನಾಯಿಗೂ ಇದೇ ಮಾತು ಅನ್ವಯಿಸುತ್ತದೆ.

ಶಿಕ್ಷೆಯ ನಿಷ್ಫಲತೆ

ಹಾಳಾದ ವಸ್ತುವನ್ನು ನಾಯಿಯ ಮೂತಿಗೆ ಹಿಡಿದು ಹೊಡೆಯುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ನಾಯಿಯು ತನಗೆ ಒದಗಿದ ಫಲವನ್ನು ಆ ಕ್ಷಣದ ಕೃತ್ಯದೊಂದಿಗೆ ಜೋಡಿಸುತ್ತದೆಯೇ ಹೊರತು ಗಂಟೆಗಳ ಹಿಂದಿನ ಕೃತ್ಯದೊಂದಿಗಲ್ಲ. ಸಂಜೆ ಮನೆಗೆ ಮರಳಿದ ಯಜಮಾನನು ಬೆಳಗಿನ ತಪ್ಪಿಗೆ ಹೊಡೆದರೆ, ಯಜಮಾನನು ಮರಳಿ ಬರುವುದೇ ಹೆದರಬೇಕಾದ ಘಟನೆ ಎಂಬ ಪಾಠವನ್ನು ಅದು ಕಲಿಯುತ್ತದೆ. ಆ ಹೆದರಿಕೆಯು ಆತಂಕವನ್ನೂ, ಆತಂಕವು ಅಗಿಯುವುದನ್ನೂ ಹೆಚ್ಚಿಸುತ್ತದೆ.

“ತಾನು ತಪ್ಪು ಮಾಡಿರುವುದು ಅದಕ್ಕೆ ಗೊತ್ತು, ಮುಖ ನೋಡಿದರೆ ತಿಳಿಯುತ್ತದೆ” ಎಂಬುದು ಸಾಕುವವರು ಸಾಮಾನ್ಯವಾಗಿ ಹೇಳುವ ಮಾತು. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೋವಿಟ್ಜ್ ೨೦೦೯ರಲ್ಲಿ ೧೪ ನಾಯಿಗಳ ಮೇಲೆ ನಡೆಸಿದ ಪ್ರಯೋಗವು ಈ ನಂಬಿಕೆಯನ್ನು ಪರೀಕ್ಷಿಸಿತು. ತಿನ್ನಬಾರದೆಂದು ತಾಕೀತು ಮಾಡಿ ಯಜಮಾನರು ಹೊರಗೆ ಹೋಗುತ್ತಿದ್ದರು. ಮರಳಿದಾಗ ನಾಯಿಯು ತಿಂಡಿಯನ್ನು ತಿಂದಿತೋ ಇಲ್ಲವೋ ಎಂಬ ಬಗ್ಗೆ ಅವರಿಗೆ ಕೆಲವೊಮ್ಮೆ ನಿಜವನ್ನೂ ಕೆಲವೊಮ್ಮೆ ಸುಳ್ಳನ್ನೂ ಹೇಳಲಾಗುತ್ತಿತ್ತು. ತಲೆ ತಗ್ಗಿಸುವುದು, ಕಿವಿ ಮಡಚುವುದು, ಕಣ್ಣು ತಪ್ಪಿಸುವುದು ಮೊದಲಾದ ‘ಅಪರಾಧಿ’ ಚಹರೆಗಳು ನಾಯಿಯು ತಿಂದಿತೇ ಎಂಬುದನ್ನು ಅವಲಂಬಿಸದೆ, ಯಜಮಾನರು ಗದರಿದರೇ ಎಂಬುದನ್ನು ಅವಲಂಬಿಸಿದ್ದವು. ಏನೂ ತಿನ್ನದೆ ಬೈಗುಳ ತಿಂದ ನಾಯಿಗಳಲ್ಲಿ ಆ ಚಹರೆ ಇನ್ನೂ ಹೆಚ್ಚಾಗಿ ಕಂಡಿತು. ನಾಯಿಯ ಮುಖದಲ್ಲಿ ಓದಲಾಗುವ ಪಶ್ಚಾತ್ತಾಪವು ಬಹುಮಟ್ಟಿಗೆ ಭಯವೇ ಆಗಿರುತ್ತದೆ.

ತಿದ್ದುವ ಕ್ರಮ

ಮೊದಲನೆಯ ಹೆಜ್ಜೆ ಮನೆಯನ್ನು ಅಣಿಗೊಳಿಸುವುದು. ಪಾದರಕ್ಷೆಗಳನ್ನು ಮುಚ್ಚಿದ ಗೂಡಿನಲ್ಲಿಡುವುದು, ತಂತಿಗಳನ್ನು ಕೊಳವೆಯೊಳಗೆ ಸೇರಿಸುವುದು, ಕಣ್ಗಾವಲಿಲ್ಲದ ಹೊತ್ತಿನಲ್ಲಿ ನಾಯಿಯನ್ನು ಒಂದು ಸುರಕ್ಷಿತ ಕೋಣೆಗೆ ಸೀಮಿತಗೊಳಿಸುವುದು ಇವು ಯಾವ ತರಬೇತಿಗಿಂತಲೂ ಬೇಗ ಫಲ ಕೊಡುತ್ತವೆ. ಹಳೆಯ ಚಪ್ಪಲಿ ಅಥವಾ ಕಾಲುಚೀಲವನ್ನು ಆಟಕ್ಕೆ ಕೊಡುವುದು ತಪ್ಪು. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ನಾಯಿಗೆ ತಿಳಿಯದು. ಎರಡರಲ್ಲೂ ಇರುವುದು ಅದೇ ಮನೆಯವರ ವಾಸನೆ.

ಎರಡನೆಯದು, ಅಗಿಯಲು ಯೋಗ್ಯವಾದ ವಸ್ತುಗಳನ್ನು ಒದಗಿಸುವುದು. ಒಳಗೆ ತಿನಿಸನ್ನು ತುಂಬಬಹುದಾದ ಟೊಳ್ಳು ರಬ್ಬರ್ ಆಟಿಕೆಗಳು ಹೆಚ್ಚು ಬಳಕೆಯಲ್ಲಿವೆ. ಇವುಗಳಲ್ಲಿ ಪ್ರಸಿದ್ಧವಾದ ಕಾಂಗ್ ಆಟಿಕೆಯನ್ನು ೧೯೭೦ರ ದಶಕದಲ್ಲಿ ಅಮೆರಿಕದ ಜೋ ಮಾರ್ಕಮ್ ರೂಪಿಸಿದರು. ಕಲ್ಲು ಕಚ್ಚಿ ಹಲ್ಲು ಸವೆಸಿಕೊಳ್ಳುತ್ತಿದ್ದ ಅವರ ನಾಯಿಯು ಫೋಕ್ಸ್‌ವ್ಯಾಗನ್ ವಾಹನದ ರಬ್ಬರ್ ಬಿಡಿಭಾಗವೊಂದನ್ನು ಬಹಳ ಇಷ್ಟಪಟ್ಟದ್ದೇ ಅದಕ್ಕೆ ಪ್ರೇರಣೆ. ಆಟಿಕೆಯಲ್ಲಿ ಮೊಸರನ್ನವನ್ನು ತುಂಬಿ ಶೀತಕಪಾಟಿನಲ್ಲಿ ಗಟ್ಟಿಯಾಗಿಸಿದರೆ ನಾಯಿಯು ಬಹಳ ಹೊತ್ತು ಅದರಲ್ಲೇ ಮಗ್ನವಾಗಿರುತ್ತದೆ. ಆದರೆ ಅನ್ನಕ್ಕೆ ಈರುಳ್ಳಿ, ದ್ರಾಕ್ಷಿ ಸೇರಿರಬಾರದು. ಎಲ್ಲ ಆಟಿಕೆಗಳನ್ನೂ ಒಮ್ಮೆಗೇ ಕೊಡದೆ ದಿನಕ್ಕೆರಡರಂತೆ ಬದಲಾಯಿಸಿದರೆ ಹೊಸತನ ಉಳಿಯುತ್ತದೆ. ಉಗುರಿನಿಂದ ಒತ್ತಿದಾಗ ಸ್ವಲ್ಪವೂ ತಗ್ಗದ ವಸ್ತುವು ಹಲ್ಲು ಮುರಿಯುವಷ್ಟು ಗಟ್ಟಿ ಎಂದು ತಿಳಿಯಬೇಕು. ಜಿಂಕೆಯ ಕೊಂಬು, ದಪ್ಪ ಮೂಳೆ, ಕಲ್ಲುಗಳು ಈ ಗುಂಪಿಗೆ ಸೇರುತ್ತವೆ. ಬೇಯಿಸಿದ ಮೂಳೆ ಸೀಳಿಕೊಂಡು ಗಂಟಲಿಗೂ ಕರುಳಿಗೂ ಚುಚ್ಚುತ್ತದೆ.

ನಾಯಿಯು ನಿಷಿದ್ಧ ವಸ್ತುವನ್ನು ಕಚ್ಚಿಕೊಂಡಾಗ ಅಟ್ಟಿಸಿಕೊಂಡು ಹೋಗಬಾರದು. ಅದು ನಾಯಿಗೆ ಆಟವಾಗುತ್ತದೆ. ಬಲವಂತವಾಗಿ ಕಿತ್ತುಕೊಂಡರೆ ಮುಂದೆ ವಸ್ತುವನ್ನು ಕಾದುಕೊಂಡು ಗುರುಗುಟ್ಟುವುದನ್ನು ಕಲಿಯಬಹುದು. ಅದಕ್ಕಿಂತ ರುಚಿಯಾದುದನ್ನು ತೋರಿಸಿ “ಬಿಡು” ಎಂದು ಹೇಳಿ, ಬಿಟ್ಟೊಡನೆ ಅದನ್ನು ಕೊಟ್ಟು, ಬಳಿಕ ಅದರ ಸ್ವಂತ ಆಟಿಕೆಯನ್ನು ಮುಂದಿಡಬೇಕು. ತಾನಾಗಿಯೇ ಆಟಿಕೆಯನ್ನು ಅಗಿಯುತ್ತಿರುವಾಗ ಹೊಗಳುವುದನ್ನು ಹೆಚ್ಚಿನವರು ಮರೆಯುತ್ತಾರೆ. ಪಾಠ ಗಟ್ಟಿಯಾಗುವುದು ಆಗಲೇ. ಪೀಠೋಪಕರಣಗಳಿಗೆ ಲೇಪಿಸುವ ಕಹಿ ದ್ರಾವಣಗಳು ಕೆಲವು ನಾಯಿಗಳನ್ನು ತಡೆಯುತ್ತವೆ, ಕೆಲವು ಅದನ್ನೇ ನೆಕ್ಕುತ್ತವೆ.

ಪ್ರತಿದಿನದ ನಡಿಗೆ, ಓಟಗಳ ಜೊತೆಗೆ ಮೂಗಿಗೂ ಕೆಲಸ ಬೇಕು. ಊಟದ ಒಂದು ಪಾಲನ್ನು ಹುಲ್ಲಿನಲ್ಲಿ ಚೆಲ್ಲಿ ಹುಡುಕಿಸುವುದು ಖರ್ಚಿಲ್ಲದ ಉಪಾಯ.

ಅಪಾಯಗಳು

ಹಾಳಾದ ವಸ್ತುವಿನ ಬೆಲೆಗಿಂತ ನಾಯಿಯ ಜೀವಕ್ಕಿರುವ ಅಪಾಯ ದೊಡ್ಡದು. ಕಾಲುಚೀಲ, ಮಾವಿನ ಗೊರಟೆ, ಮೆಕ್ಕೆಜೋಳದ ದಿಂಡು, ತೆಂಗಿನ ನಾರು ಕರುಳಿನಲ್ಲಿ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆ ಅನಿವಾರ್ಯವಾಗಬಹುದು. ಗುಂಡಿಯಾಕಾರದ ಬ್ಯಾಟರಿಯು ಅನ್ನನಾಳವನ್ನು ಸುಡುತ್ತದೆ. ಚಾಕೊಲೇಟ್, ಒಣದ್ರಾಕ್ಷಿ, ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್, ಅಂಗಳದ ಕಣಗಿಲೆ ಗಿಡ ಇವೆಲ್ಲ ನಾಯಿಗೆ ವಿಷ. ವಿದ್ಯುತ್ ತಂತಿ ಕಚ್ಚಿದ ನಾಯಿಯು ಮೇಲ್ನೋಟಕ್ಕೆ ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟಕ್ಕೆ ತೊಂದರೆಯಾಗಬಹುದಾದುದರಿಂದ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಪದೇಪದೇ ವಾಂತಿ, ಆಹಾರ ನಿರಾಕರಣೆ, ಹೊಟ್ಟೆಯುಬ್ಬರ ಕಂಡಾಗಲೂ ಹಾಗೆಯೇ.

ಪರಿತ್ಯಾಗ ಮತ್ತು ಕಾನೂನು

ಮುದ್ದು ಮರಿಯೆಂದು ತಂದ ನಾಯಿಯನ್ನು ಹರೆಯದ ಉಪದ್ರವಕ್ಕೆ ಬೇಸತ್ತು ಬೀದಿಗೆ ಬಿಡುವುದೂ ಉಂಟು. ಆಹಾರ ಹುಡುಕುವುದನ್ನಾಗಲಿ, ಬೀದಿನಾಯಿಗಳ ಗುಂಪಿನೊಡನೆ ಬಾಳುವುದನ್ನಾಗಲಿ ಕಲಿಯದ ಸಾಕುನಾಯಿ ಅಲ್ಲಿ ಬದುಕುಳಿಯುವುದು ಕಷ್ಟ. ಭಾರತದ ಪ್ರಾಣಿಹಿಂಸೆ ತಡೆ ಕಾಯ್ದೆ, ೧೯೬೦ರ ೧೧ನೆಯ ಕಲಮಿನ ಪ್ರಕಾರ ಪ್ರಾಣಿಯನ್ನು ಹೊಡೆದು ಅನಾವಶ್ಯಕ ನೋವುಂಟುಮಾಡುವುದೂ, ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಸಕಾರಣವಿಲ್ಲದೆ ತೊರೆಯುವುದೂ ದಂಡನೀಯ ಅಪರಾಧಗಳು.