ಸೂರು ಮತ್ತು ದೀಪ: ಗೃಹಜ್ಯೋತಿ ಯೋಜನೆಯಲ್ಲಿ ವಠಾರವಾಸಿಯ ಸ್ಥಾನ

ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಹರಿದುಬಂದಿತೆಂಬುದನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಆದರೆ ಗಣಿಯಿಂದ ಬೀದಿಗೆ ಬರಲು ಮೂರೇ ವರ್ಷ ಸಾಕಾದ ಆ ಬೆಳಕಿಗೆ ಬೀದಿಯಂಚಿನ ಗುಡಿಸಲಿನ ಹೊಸ್ತಿಲನ್ನು ದಾಟಲು ಎಷ್ಟೋ ದಶಕಗಳು ಬೇಕಾದವು. ರಾಜ್ಯದ ಭಾಗ್ಯಜ್ಯೋತಿ ಮತ್ತು 1988-89ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಕುಟೀರಜ್ಯೋತಿ, ಇವೆರಡೂ ಬಡವನ ಮನೆಗೆ ಒಂದೇ ಒಂದು ದೀಪವನ್ನು ದಯಪಾಲಿಸಿದವು. ಬಹುಕಾಲ ಜಾರಿಯಲ್ಲಿದ್ದ ತಿಂಗಳಿಗೆ 18 ಯೂನಿಟ್ಟಿನ ಮಿತಿಯನ್ನು ಲೆಕ್ಕಹಾಕಿದರೆ, 40 ವ್ಯಾಟಿನ ಬಲ್ಬೊಂದನ್ನು ದಿನಕ್ಕೆ 15 ಗಂಟೆಗಳಂತೆ ಮೂವತ್ತು ದಿನ ಉರಿಸುವುದಕ್ಕೆ ಅದು ಸರಿಯಾಗಿ ಸಾಲುತ್ತದೆ. ಎರಡನೆಯ ಬಲ್ಬು ಕಂಡುಬಂದರೆ ಸಾಮಾನ್ಯ ಗೃಹಬಳಕೆಯ ದರವೇ ಅನ್ವಯಿಸತಕ್ಕದ್ದೆಂಬ ನಿಯಮವೂ ಇದ್ದಿತು.

2023ರ ಆಗಸ್ಟಿನಲ್ಲಿ ಚಾಲನೆಗೊಂಡ ಗೃಹಜ್ಯೋತಿಯು ಈ ಸಂಕುಚಿತ ಕಲ್ಪನೆಯನ್ನು ವಿಸ್ತರಿಸಿತೆಂಬುದು ನಿರ್ವಿವಾದ. ಮನೆಯ 2022-23ನೆಯ ಸಾಲಿನ ಸರಾಸರಿ ಬಳಕೆಗೆ ಶೇಕಡಾ 10ನ್ನು ಕೂಡಿಸಿ, 200 ಯೂನಿಟ್ಟುಗಳನ್ನು ಮೀರದಂತೆ, ಅಷ್ಟು ವಿದ್ಯುತ್ತನ್ನು ಉಚಿತವಾಗಿ ಕೊಡುವುದು ಅದರ ಕ್ರಮ. ಬಾಡಿಗೆದಾರನನ್ನೂ ಅದು ಹೊರಗಿಡಲಿಲ್ಲ. ಇದು ಮೆಚ್ಚತಕ್ಕ ವಿವೇಕ. ಆದರೆ ಈ ಗಣಿತದಲ್ಲಿ ಹಿಂದಿನ ಬಡತನವೇ ಇಂದಿನ ಹಕ್ಕಿನ ಅಳತೆಗೋಲಾಯಿತು: ತಿಂಗಳಿಗೆ 150 ಯೂನಿಟ್ಟು ಉರಿಸುತ್ತಿದ್ದವನಿಗೆ 15 ಯೂನಿಟ್ಟು ಹೆಚ್ಚಿಗೆ ದೊರೆತರೆ, ಕತ್ತಲೆಯಲ್ಲಿಯೇ ಕಾಲಹಾಕಿ 30 ಯೂನಿಟ್ಟಿನಲ್ಲಿ ಸಂಸಾರ ತೂಗಿಸಿದವನಿಗೆ ದೊರೆತದ್ದು ಮೂರೇ. 2024ರ ಜನವರಿಯಲ್ಲಿ ಸಚಿವ ಸಂಪುಟವು ಅಲ್ಪ ಬಳಕೆದಾರರಿಗೆ ಶೇಕಡಾವಾರಿನ ಬದಲು 10 ಯೂನಿಟ್ಟುಗಳನ್ನೇ ಕೊಡಲು ನಿಶ್ಚಯಿಸಿ ಈ ವೈಷಮ್ಯವನ್ನು ಕೊಂಚ ತಗ್ಗಿಸಿತು.

ಇದಕ್ಕಿಂತ ಆಳವಾದ ತೊಡಕೊಂದುಂಟು. ನೆರವು ಅಂಟಿಕೊಂಡಿರುವುದು ಮನುಷ್ಯನಿಗಲ್ಲ, ವಿದ್ಯುತ್ ಸಂಪರ್ಕವನ್ನು ಗುರುತಿಸುವ ಆರ್.ಆರ್. ನಂಬರಿಗೆ. ಬೆಂಗಳೂರಿನ ಹಳೆಯ ಪೇಟೆಯ ವಠಾರವೊಂದರಲ್ಲಿ ನಾನು ಕಂಡದ್ದಿಷ್ಟು: ಹಗಲಿನಲ್ಲಿಯೂ ಮಬ್ಬಾಗಿರುವ ಓಣಿಯ ಕೊನೆಯಲ್ಲಿ, ಎಣ್ಣೆಜಿಡ್ಡು ಹಿಡಿದ ಮರದ ಹಲಗೆಯ ಮೇಲೆ ವಿದ್ಯುತ್ ಸರಬರಾಜು ಕಂಪನಿಯಾದ ಎಸ್ಕಾಂನ ಒಂದೇ ಮೀಟರು, ಅದರ ಕೆಳಗೆ ಮಾಲೀಕರು ಸ್ವಂತವಾಗಿ ಕೂರಿಸಿದ ನಾಲ್ಕು ಸಬ್ ಮೀಟರುಗಳು, ಪಕ್ಕದ ಗೋಡೆಯ ಸುಣ್ಣದ ಮೇಲೆ ತಿಂಗಳು ತಿಂಗಳೂ ಇದ್ದಿಲಿನಿಂದ ಬರೆದ ಅಂಕೆಗಳ ಸಾಲು. ಇಂತಹ ವಠಾರದಲ್ಲಿ ನಾಲ್ಕು ಕುಟುಂಬಗಳು ತಲಾ 60 ಯೂನಿಟ್ಟು ಬಳಸಿದವೆಂದಿಟ್ಟುಕೊಳ್ಳೋಣ. ಬೇರೆ ಬೇರೆ ಮೀಟರುಗಳಿದ್ದಿದ್ದರೆ ಹಿಂದಿನ ಸರಾಸರಿಯಷ್ಟೇ ಬಳಸುವ ಈ ನಾಲ್ವರಲ್ಲಿ ಯಾರಿಗೂ ಕರೆಂಟ್ ಬಿಲ್ಲು ಬರುತ್ತಿರಲಿಲ್ಲ. ಒಂದೇ ಮೀಟರಿನಲ್ಲಿ ಅದು 240 ಆಗಿ, ಮಿತಿಯನ್ನು ಮೀರಿದ ಕಾರಣ, ಪೂರ್ಣ ಮೊತ್ತವನ್ನು ತೆರಬೇಕಾಗುತ್ತದೆ. ಬಡವರು ಒತ್ತಟ್ಟಿಗೆ ಬದುಕುವುದೇ ಇಲ್ಲಿ ಶ್ರೀಮಂತಿಕೆಯಂತೆ ಎಣಿಸಲ್ಪಡುತ್ತದೆ.

ಪ್ರತ್ಯೇಕ ಮೀಟರು ಹಾಕಿಸಿಕೊಳ್ಳಬಾರದೇಕೆಂದು ಕೇಳುವವರಿಗೆ ಉತ್ತರವು ಮನೆಯ ಕಾಗದಪತ್ರಗಳಲ್ಲಿದೆ. 2003ರ ವಿದ್ಯುತ್ ಅಧಿನಿಯಮದ 43ನೆಯ ಪ್ರಕರಣವು ಮಾಲೀಕನಿಗಷ್ಟೇ ಅಲ್ಲದೆ ನಿವಾಸಿಗೂ ಸಂಪರ್ಕವನ್ನು ಕೇಳುವ ಹಕ್ಕನ್ನಿತ್ತಿದೆಯಾದರೂ, ಕರಾರುಪತ್ರವಿಲ್ಲದೆ, ಮುಂಗಡದ ಮಾತೊಂದರ ಮೇಲೆಯೇ ಬದುಕುವ ಬಾಡಿಗೆದಾರನು ತಾನು ನಿವಾಸಿಯೆಂಬುದನ್ನು ಯಾವ ಕಾಗದದಿಂದ ಸ್ಥಾಪಿಸಿಯಾನು? 2024ರ ಡಿಸೆಂಬರಿನಲ್ಲಿ, ಮೀರತ್ ನಗರದ ಅನಧಿಕೃತ ಕಟ್ಟಡವೊಂದರ ಪ್ರಕರಣದಲ್ಲಿ, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ಕೊಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು ವಿಧಿಸಿದ ಮೇಲಂತೂ ಈ ಪ್ರಶ್ನೆ ಮತ್ತಷ್ಟು ಬಿಗಿಯಾಯಿತು. ನಿಯಮ ಮುರಿದು ಕಟ್ಟಿದವನೊಬ್ಬ, ಕತ್ತಲೆಯಲ್ಲಿ ಕೂರಬೇಕಾದವನು ಮತ್ತೊಬ್ಬ.

ಮನೆಯ ರಚನೆಯೂ ಬಿಲ್ಲನ್ನು ನಿರ್ಣಯಿಸುತ್ತದೆ. ಕಲಬುರಗಿ, ರಾಯಚೂರುಗಳ ಕಡೆ ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಹಳೆಯ ಮನೆ ಬೇಸಗೆಯ ನಡುಹಗಲಿನಲ್ಲಿಯೂ ತಂಪಾಗಿರುತ್ತದೆ; ತಗಡಿನ ಇಲ್ಲವೆ ಕಲ್ನಾರಿನ ಶೀಟಿನ ಸೂರಿನಡಿ ಹಸುಗೂಸನ್ನು ಮಲಗಿಸಿದ ತಾಯಿ ಫ್ಯಾನನ್ನು ಆರಿಸಲಾರಳು. 75 ವ್ಯಾಟಿನ ಫ್ಯಾನೊಂದು ಹಗಲಿರುಳೂ ತಿರುಗಿದರೆ ತಿಂಗಳಿಗೆ 54 ಯೂನಿಟ್ಟು, ಎಂದರೆ ಆ ಹಳೆಯ ಒಂಟಿ ದೀಪದ ಪಾಲಿನ ಮೂರು ಪಟ್ಟು. ವಸತಿ ಯೋಜನೆಯು ಸೂರಿನಲ್ಲಿ ಉಳಿಸಿದ ಹಣವನ್ನು ಇಂಧನ ಯೋಜನೆಯು ವರ್ಷವರ್ಷವೂ ಸಹಾಯಧನವಾಗಿ ತೆರುತ್ತಿರುವುದನ್ನು ಎರಡು ಇಲಾಖೆಗಳವರೂ ಒಂದೇ ಕಡತದಲ್ಲಿ ನೋಡಬೇಕಾಗಿದೆ.

ವಠಾರದ ಮಟ್ಟಿಗೆ ಪರಿಹಾರವು ದುಸ್ಸಾಧ್ಯವೇನಲ್ಲ. ಒಂದು ಆರ್.ಆರ್. ನಂಬರಿನಡಿ ಎಷ್ಟು ಪಡಿತರ ಚೀಟಿಗಳ ಕುಟುಂಬಗಳಿವೆಯೆಂಬುದನ್ನು ಸ್ಥಳಪರಿಶೀಲನೆಯಿಂದ ಗುರುತಿಸಿ, ಮಿತಿಯನ್ನು ಅಷ್ಟು ಪಟ್ಟು ಏರಿಸಬಹುದು. ಮಾಲೀಕರು ಸಬ್ ಮೀಟರಿಗೆ ವಸೂಲು ಮಾಡುವ ದರವು ಎಸ್ಕಾಂನ ದರವನ್ನು ಮೀರಕೂಡದೆಂದು ಕಟ್ಟುಮಾಡಬಹುದು. ಆ ಸ್ಥಳಪರಿಶೀಲನೆಗೆ ಹೊಸ ಸಿಬ್ಬಂದಿಯೂ ಬೇಕಿಲ್ಲ: ಪ್ರತಿ ತಿಂಗಳೂ ಆ ಓಣಿಯ ಕೊನೆಯವರೆಗೆ ನಡೆದು ಬರುವ ಮೀಟರ್ ರೀಡರನು ಗೋಡೆಯ ಮೇಲಿನ ಇದ್ದಿಲಿನ ನಾಲ್ಕು ಸಾಲುಗಳನ್ನು ಈಗಾಗಲೇ ಕಂಡಿದ್ದಾನೆ.